ನಾಲ್ಕು ತಾರಸಿ, ಒಂದು ಆಂಟೆನಾ

30 ಡಿಸೆಂಬರ್ 2024, ಸೋಮವಾರ
ಕೆ.ಆರ್. ಪೇಟೆ

ರಾತ್ರಿ ಹತ್ತಕ್ಕೆ ಪಿಎಸ್‌ಎಲ್‌ವಿ-ಸಿ60 ಶ್ರೀಹರಿಕೋಟಾದಿಂದ ಮೇಲೆದ್ದಿತು. ಎಲ್ಲರ ಕಣ್ಣೂ ಸ್ಪೇಡೆಕ್ಸ್ ಮೇಲೆ. ತಲಾ 220 ಕೆ.ಜಿ. ತೂಕದ ಎರಡು ಉಪಗ್ರಹಗಳು ಬಾಹ್ಯಾಕಾಶದಲ್ಲಿ ಒಂದನ್ನೊಂದು ಹುಡುಕಿಕೊಂಡು ಬಂದು ಜೋಡಣೆಯಾಗಬೇಕು. ನನಗೆ ಕುತೂಹಲ ಇದ್ದದ್ದು ರಾಕೆಟ್ಟಿನ ಕೊನೆಯ ಹಂತದ ಬಗ್ಗೆ. ಹಿಂದೆಲ್ಲ ಉಪಗ್ರಹಗಳನ್ನು ಬಿಟ್ಟಾದ ಮೇಲೆ ಆ ನಾಲ್ಕನೇ ಹಂತ ಬರೀ ಕಸ. ಈಗ ಅದನ್ನೇ 350 ಕಿ.ಮೀ. ಎತ್ತರದ ಕಕ್ಷೆಗೆ ಇಳಿಸಿ, ಪೊಯೆಮ್-4 ಎಂದು ಹೆಸರಿಟ್ಟು, 24 ಪ್ರಯೋಗಗಳನ್ನು ಅದರ ಮೇಲೆ ಕೂರಿಸಿದ್ದಾರೆ. 14 ಇಸ್ರೋದವರದು, 10 ಹೊರಗಿನವರದು.

ಆ ಹತ್ತರಲ್ಲಿ ಒಂದು ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ ‘ಬಿಜಿಎಸ್ ಅರ್ಪಿತ್’. ಹ್ಯಾಮ್ ರೇಡಿಯೋ ಸಾಧನ. ಧ್ವನಿ, ಅಕ್ಷರ, ಚಿತ್ರಗಳನ್ನು ಎಫ್‌ಎಂನಲ್ಲಿ ಭೂಮಿಗೆ ಕಳಿಸುವಂಥದ್ದು. ಬಿಜಿಎಸ್ ಅಂದರೆ ಆದಿಚುಂಚನಗಿರಿ ಮಠದ ಹಿಂದಿನ ಸ್ವಾಮೀಜಿ ಅಂತ ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲೇಜು ನಮ್ಮ ಪಕ್ಕದ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಶಿಕ್ಷಣ ಟ್ರಸ್ಟಿನದು. ಬೆಂಗಳೂರಿನ ಆರ್.ವಿ. ಕಾಲೇಜಿನವರೂ ಒಂದು ಪ್ರಯೋಗ ಕಳಿಸಿದ್ದಾರೆ, ಕರುಳಿನ ಬ್ಯಾಕ್ಟೀರಿಯಾದ ಮೇಲೆ.

ಹೆಸರು ಮೇಲೆ ಹೋಯಿತು, ಸರಿ. ಆ ಹೆಸರು ಬಂದ ನಮ್ಮ ಸೀಮೆಯಲ್ಲಿ ಕೂತು ಅದರ ದನಿ ಕೇಳುವವರು ಯಾರಾದರೂ ಇದ್ದಾರೆಯೇ? ಇದೇ ತಲೆ ತಿನ್ನುತ್ತಿದೆ.

5 ಜನವರಿ 2025, ಭಾನುವಾರ

ಪೊಯೆಮ್-4ರಲ್ಲಿ ಕಳಿಸಿದ್ದ ಅಲಸಂದೆ ಮೊಳೆತಿದೆ! ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದವರ ಪ್ರಯೋಗ. ಮುಚ್ಚಿದ ಪೆಟ್ಟಿಗೆಯಲ್ಲಿ ಎಂಟು ಬೀಜ, ನಾಲ್ಕು ದಿನಕ್ಕೆ ಮೊಳಕೆ. ಅವ್ವನಿಗೆ ಹೇಳಿದೆ. “ಒದ್ದೆ ಬಟ್ಟೇಲಿ ಕಟ್ಟಿಟ್ರೆ ನಮ್ಮನೇಲಿ ಎರಡೇ ದಿನಕ್ಕೆ ಬತ್ತದೆ, ಅದೇನ್ ಮಾ ದೊಡ್ಡದು ಬುಡಪ್ಪ” ಅಂದಳು. ತೂಕವಿಲ್ಲದ ಕಡೆ ಬೇರಿಗೆ ಕೆಳಗೆ ಯಾವುದು, ಮೇಲೆ ಯಾವುದು ಎಂದು ಹೇಗೆ ಗೊತ್ತಾಗಬೇಕು ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಂತೂ ದಿಟ” ಎಂದಳು. ನಾಳೆ ಬಿ.ಎಸ್ಸಿ. ಹುಡುಗರಿಗೆ ಇದೇ ಪ್ರಶ್ನೆ ಹಾಕಬೇಕು.

12 ಜನವರಿ, ಭಾನುವಾರ
ಶ್ರೀರಂಗಪಟ್ಟಣ

ಹುಡುಗರನ್ನು ಕರೆದುಕೊಂಡು ಚಿನಕುರಳಿ, ಪಾಂಡವಪುರದ ಮೇಲೆ ಬಂದೆವು. ದಾರಿಯಲ್ಲಿ ಪಾಂಡವಪುರದಲ್ಲಿ ಚಹಾ. ಹೈದರ್, ಟಿಪ್ಪುವಿನ ಕಡೆ ಇದ್ದ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರಿಂದ ಬ್ರಿಟಿಷರ ಕಾಗದಪತ್ರಗಳಲ್ಲೆಲ್ಲ ಈ ಊರು ಫ್ರೆಂಚ್ ರಾಕ್ಸ್. ಹುಡುಗರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಕೋಟೆಯೊಳಗೆ ಗೈಡ್ ಎಂದಿನ ಪಾಠ ಒಪ್ಪಿಸಿದ: ಜಗತ್ತಿನ ರಾಕೆಟ್ ಹುಟ್ಟಿದ್ದೇ ಇಲ್ಲಿ. ಹುಡುಗರು ಚಪ್ಪಾಳೆ ತಟ್ಟಿದರು. ಈ ಹೆಮ್ಮೆ ನನಗೆ ಈಗೀಗ ಸಾಕೆನಿಸಿದೆ. ರಾಕೆಟ್ ಚೀನಾದಲ್ಲಿ ಶತಮಾನಗಳ ಮೊದಲೇ ಇತ್ತು. ಮೈಸೂರಿನವರು ಮಾಡಿದ ಸುಧಾರಣೆ ಬೇರೆ, ಮತ್ತು ಅದು ನಿಜಕ್ಕೂ ದೊಡ್ಡದು. ಬೇರೆಯವರು ಕಾಗದದ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ಇವರು ಕಬ್ಬಿಣದ ಕೊಳವೆ ಬಳಸಿದರು. ಗೇಣುದ್ದದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರು. ಕಬ್ಬಿಣವಾದ್ದರಿಂದ ಒಳಗಿನ ಒತ್ತಡ ಹೆಚ್ಚು ತಡೆಯುತ್ತದೆ, ಅದಕ್ಕೇ ಒಂದು ಕಿಲೋಮೀಟರ್ ಮೀರಿ ಹಾರುತ್ತಿತ್ತು. 1780ರ ಪೊಲ್ಲಿಲೂರು ಕಾಳಗದಲ್ಲಿ ಕಂಪನಿ ಸೈನ್ಯಕ್ಕೆ ಇದರ ಬಿಸಿ ತಾಗಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳು ಬಾವಿಯೊಂದರಲ್ಲಿ ಇಂಥ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕಿದವು.

ಆದರೆ ಆಮೇಲೆ? 1799ರ ಮೇ 4ರಂದು ಕೋಟೆ ಬಿತ್ತು. ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಬಿಚ್ಚಿ, ಅಳೆದು, ತೂಗಿ, ಬರೆದಿಟ್ಟು ಇನ್ನೂ ದೊಡ್ಡದನ್ನು ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಮೇಲೆ ಬರೆದ ಪ್ರಬಂಧವನ್ನು ಹುಡುಗರಿಗೆ ಓದಲು ಕೊಡಬೇಕು. ವೂಲಿಚ್‌ನಲ್ಲಿ ಪ್ರಯೋಗಶಾಲೆ ಇತ್ತು, ಲೆಕ್ಕ ಇಡುವವರಿದ್ದರು, ಒಬ್ಬ ಸತ್ತರೆ ಇನ್ನೊಬ್ಬ ಮುಂದುವರಿಸುವ ಏರ್ಪಾಟಿತ್ತು. ನಮ್ಮ ಕಮ್ಮಾರರ ಕೈಯಲ್ಲಿದ್ದ ವಿದ್ಯೆಗೆ ಶಾಲೆ ಇರಲಿಲ್ಲ, ರಾಜ್ಯ ಬಿದ್ದ ಮೇಲೆ ಅದೂ ಬಿತ್ತು. ಕೋಟೆ ತೋರಿಸುವವರು ಈ ಭಾಗವನ್ನು ಹೇಳುವುದೇ ಇಲ್ಲ.

16 ಜನವರಿ, ಗುರುವಾರ

ಸ್ಪೇಡೆಕ್ಸ್ ಜೋಡಣೆ ಆಯಿತು. ರಷ್ಯಾ, ಅಮೆರಿಕ, ಚೀನಾ ಬಿಟ್ಟರೆ ನಾವೇ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಉಳಿದಿತ್ತು, ಸ್ಟಾಫ್ ರೂಮಿನಲ್ಲಿ ಹಂಚಿದೆ.

19 ಜನವರಿ, ಭಾನುವಾರ

ಹಳೆಯ ಫೈಲುಗಳಲ್ಲಿ 2010ರ ಪತ್ರಿಕೆಯ ತುಣುಕು ಸಿಕ್ಕಿತು. ಸ್ಟುಡ್‌ಸ್ಯಾಟ್! ಆ ವರ್ಷದ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ಹೊತ್ತೊಯ್ದ ಒಂದು ಕೆ.ಜಿ.ಗೂ ಕಡಿಮೆ ತೂಕದ ಪುಟ್ಟ ಪೆಟ್ಟಿಗೆ, 10 ಸೆಂ.ಮೀ. ಅಗಲ, 13.5 ಸೆಂ.ಮೀ. ಎತ್ತರ. ಅದೇ ರಾಕೆಟ್ಟಿನಲ್ಲಿದ್ದ ಕಾರ್ಟೋಸ್ಯಾಟ್-2ಬಿ ತೂಕ 694 ಕೆ.ಜಿ. ಪುಟ್ಟದಾದರೂ ಕ್ಯಾಮೆರಾ ಇತ್ತು, ನೆಲದ ಮೇಲಿನ 90 ಮೀಟರನ್ನು ಒಂದು ಚುಕ್ಕೆಯಾಗಿ ಹಿಡಿಯುವಂಥದ್ದು.

ನನಗೆ ಮುಖ್ಯವೆನಿಸಿದ್ದು ಅದನ್ನು ಕಟ್ಟಿದ ಬಗೆ. ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನ ಮುಂದಾಳತ್ವದಲ್ಲಿ ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳು ಒಕ್ಕೂಟ ಮಾಡಿಕೊಂಡವು. ಉಪಗ್ರಹದ ಕೆಲಸವನ್ನು ವಿದ್ಯಾರ್ಥಿಗಳು ಹಂಚಿಕೊಂಡರು, ನೆಲದ ನಿಲ್ದಾಣ ಮಾತ್ರ ಒಂದೇ, ನಿಟ್ಟೆಯವರದು. ಯಾವ ಕಾಲೇಜೂ ತಾನೊಂದೇ ಮಾಡುತ್ತೇನೆಂದು ಹೊರಟಿದ್ದರೆ ಕಾಗದದ ಮೇಲೇ ಉಳಿಯುತ್ತಿತ್ತು. ನಾಟಿ ಕಾಲದಲ್ಲಿ ನಮ್ಮೂರ ಮುಯ್ಯಾಳು ನಡೆಯುವುದೂ ಹೀಗೇ. ಇವತ್ತು ನಿನ್ನ ಗದ್ದೆ, ನಾಳೆ ನನ್ನದು, ಕೂಲಿಯ ಮಾತಿಲ್ಲ.

ಇದರ ದೊಡ್ಡಣ್ಣ ಅಮೆರಿಕದಲ್ಲಿದೆ, ವಿಶ್ವವಿದ್ಯಾಲಯಗಳ ಬಾಹ್ಯಾಕಾಶ ಸಂಶೋಧನಾ ಸಂಘ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969ರಲ್ಲೇ ಹುಟ್ಟಿದ್ದು. ಚಂದ್ರನಿಂದ ತಂದ ಕಲ್ಲುಗಳನ್ನು ನಾಸಾದವರಷ್ಟೇ ನೋಡಿದರೆ ಸಾಲದು, ವಿಶ್ವವಿದ್ಯಾಲಯದವರಿಗೂ ಸಿಗಬೇಕು. ಆದರೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಅದಕ್ಕೊಂದು ಪ್ರಯೋಗಶಾಲೆ ಕಟ್ಟಲಾಗದು. ಅದಕ್ಕೇ ಹ್ಯೂಸ್ಟನ್‌ನಲ್ಲಿ ಎಲ್ಲರಿಗೂ ಒಂದು ಸಂಸ್ಥೆ, ಅದನ್ನು ನಡೆಸುವ ಹೊಣೆ ಈ ಒಕ್ಕೂಟಕ್ಕೆ. ಈಗ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅದರ ಸದಸ್ಯರು.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಏನಿಲ್ಲ? ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಕಾಲೇಜು. ನಾಗಮಂಗಲ ತಾಲ್ಲೂಕಿನಲ್ಲಿ 2018ರಿಂದ ಆದಿಚುಂಚನಗಿರಿ ವಿಶ್ವವಿದ್ಯಾಲಯ. ಪಾಂಡವಪುರದಲ್ಲಿ ಪ್ರಥಮ ದರ್ಜೆ ಕಾಲೇಜು. ಇಲ್ಲದಿರುವುದು ಒಬ್ಬರ ಲ್ಯಾಬಿಗೆ ಇನ್ನೊಬ್ಬರು ಹೋಗುವ ರೂಢಿ.

25 ಜನವರಿ, ಶನಿವಾರ

ಇವತ್ತು ಬೆಳಿಗ್ಗೆ ತಾರಸಿಯ ಮೇಲಿನ ಆಂಟೆನಾದಲ್ಲಿ ಉಪಗ್ರಹವೊಂದರ ದನಿ ಕೇಳಿಸಿತು.

53 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಪಿವಿಸಿ ಪೈಪಿನ ತುದಿಗೆ ಬಿಗಿದು ಉತ್ತರ-ದಕ್ಷಿಣಕ್ಕೆ ಮಲಗಿಸಿದ್ದೆವು. ಅಲ್ಲಿಂದ ಕೇಬಲ್, ಬೆರಳುದ್ದದ ರಿಸೀವರ್, ಹುಡುಗನೊಬ್ಬನ ಹಳೆಯ ಲ್ಯಾಪ್‌ಟಾಪ್. ನೋವಾ-15 ಎಂಬ ಅಮೆರಿಕದ ಹವಾಮಾನ ಉಪಗ್ರಹ ಮುಂಜಾನೆ ಉತ್ತರದಿಂದ ದಕ್ಷಿಣಕ್ಕೆ ಹಾಯುತ್ತಿತ್ತು, 137.62 ಮೆಗಾಹರ್ಟ್ಸ್‌ನಲ್ಲಿ ಬಿಡುವಿಲ್ಲದೆ ಚಿತ್ರ ಕಳಿಸುತ್ತಲೇ ಇರುತ್ತಿತ್ತು. ಹಾರಿಸಿದ್ದು 1998ರಲ್ಲಿ, ನನ್ನ ವಿದ್ಯಾರ್ಥಿಗಳಿಗಿಂತ ವಯಸ್ಸಿನಲ್ಲಿ ಹಿರಿದು.

ಮೊದಲು ಬರೀ ಗೊರಗೊರ. ಆಮೇಲೆ ಆ ಗೊರಗೊರದೊಳಗಿಂದ ಟಿಕ್-ಟಾಕ್, ಟಿಕ್-ಟಾಕ್, ಸೆಕೆಂಡಿಗೆ ಎರಡು ಗೆರೆ. “ಬಂತು ಸಾ!” ಎಂದು ಹುಡುಗಿಯೊಬ್ಬಳು ಕೂಗಿದ್ದಕ್ಕೆ ಪಕ್ಕದ ಮನೆಯವರು ತೆಂಗಿನಮರದಲ್ಲಿ ಕೋತಿ ಬಂತೇನೋ ಎಂದು ಓಡಿಬಂದರು. ಪರದೆಯ ಮೇಲೆ ಗೆರೆ ಗೆರೆಯಾಗಿ ಕಾಠಿಯಾವಾಡದ ಮೂಗು, ನಮ್ಮ ಪಡುವಣ ಕರಾವಳಿ, ಮೋಡ, ಶ್ರೀಲಂಕಾ. ಸುಮಾರು ಹದಿನೈದು ನಿಮಿಷ, ಮತ್ತೆ ಗೊರಗೊರ. “ಕನ್ನಂಬಾಡಿ ಎಲ್ಲಿ ಸಾ?” ಎಂದರು. ಇದರ ಒಂದು ಚುಕ್ಕೆ ನಾಲ್ಕು ಕಿಲೋಮೀಟರ್, ಕೆಆರ್‌ಎಸ್ ಕೆಲವೇ ಚುಕ್ಕೆಗಳಲ್ಲಿ ಮುಗಿದುಹೋಗುತ್ತದೆ. ಸ್ಟುಡ್‌ಸ್ಯಾಟ್‌ನ 90 ಮೀಟರ್ ಎಂದರೆ ಏನು ಎಂದು ಪಾಠ ಮಾಡುವ ಗೋಜೇ ಬೇಕಾಗಲಿಲ್ಲ, ತಾವೇ ಲೆಕ್ಕ ಹಾಕಿ ಹೌಹಾರಿದರು.

ಒಟ್ಟು ಖರ್ಚು ಕೆಲವು ಸಾವಿರ ರೂಪಾಯಿ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚು ಸುರಿಯುತ್ತೇವೆ.

2 ಫೆಬ್ರವರಿ, ಭಾನುವಾರ

ಜನವರಿ 29ರಂದು ಶ್ರೀಹರಿಕೋಟಾದ ನೂರನೇ ಉಡಾವಣೆ ಎಂದು ಸಂಭ್ರಮಿಸಿದ್ದೆವು. ಅದರಲ್ಲಿ ಹೋದ ಎನ್‌ವಿಎಸ್-02 ಉಪಗ್ರಹದ ಎಂಜಿನ್ನಿಗೆ ಆಕ್ಸಿಡೈಸರ್ ಹರಿಸುವ ಕವಾಟ ತೆರೆದುಕೊಳ್ಳಲಿಲ್ಲವಂತೆ, ಕಕ್ಷೆ ಏರಿಸಲಾಗಿಲ್ಲ. ಇಂಥ ಉಪಗ್ರಹಗಳನ್ನು ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ನೆರೆಯ ಹಾಸನದಲ್ಲೇ, 1982ರಿಂದ. ಆಗಿದ್ದನ್ನು ಇಸ್ರೋ ಮುಚ್ಚಿಡದೆ ಹೇಳಿತು. ಹುಡುಗರು ಮುಖ ಸಪ್ಪೆ ಮಾಡಿಕೊಂಡಿದ್ದರು. ಗೆದ್ದ ಸುದ್ದಿಗಿಂತ ಇಂಥ ಸುದ್ದಿಯಲ್ಲೇ ಎಂಜಿನಿಯರಿಂಗ್ ಕಲಿಯುವುದು ಹೆಚ್ಚು ಎಂದೆ. ನಂಬಿದರೋ ಇಲ್ಲವೋ.

9 ಫೆಬ್ರವರಿ, ಭಾನುವಾರ
ನಾಗಮಂಗಲ

ಪರಿಚಯದ ಮೇಷ್ಟರೊಬ್ಬರ ಮನೆಯಲ್ಲಿ ಮುದ್ದೆ, ಉಪ್ಸಾರು, ಜೊತೆಗೆ ನಮ್ಮ ನಾಲ್ಕು ತಾಲ್ಲೂಕಿನ ಕಾಲೇಜುಗಳೂ ಒಕ್ಕೂಟ ಮಾಡಿಕೊಳ್ಳುವ ಮಾತು. “ಉಪಗ್ರಹ ಬಿಡ್ತೀವಿ ಅಂದ್ರೆ ಮ್ಯಾನೇಜ್‌ಮೆಂಟಿನವರು ಕುಣೀತಾರೆ, ಆಂಟೆನಾ ನೆಡ್ತೀವಿ ಅಂದ್ರೆ ಯಾಕೆ ಅಂತಾರೆ” ಎಂದರು. ನಿಜ. ಉಪಗ್ರಹ ಬಿಟ್ಟರೆ ಫೋಟೋ ಬರುತ್ತದೆ. ಆದರೆ ಮೊದಲು ಕೇಳುವುದನ್ನು ಕಲಿಯದೆ ಬಿಟ್ಟ ಉಪಗ್ರಹ ಯಾರಿಗೆ ಮಾತಾಡಬೇಕು? ಸ್ಯಾಟ್‌ನಾಗ್ಸ್ ಎಂಬ ಜಾಲ ಗ್ರೀಸಿನ ಹವ್ಯಾಸಿಗಳಿಂದ ಶುರುವಾಗಿ ಈಗ ಜಗತ್ತೆಲ್ಲ ಹರಡಿದೆ. ಯಾರದೋ ಮನೆಯ ತಾರಸಿಯ ಆಂಟೆನಾ ಇನ್ಯಾರದೋ ವಿಶ್ವವಿದ್ಯಾಲಯದ ಉಪಗ್ರಹವನ್ನು ಕೇಳಿ ದಾಖಲಿಸುತ್ತದೆ. ಅದಕ್ಕೆ ಸೇರಲು ಯಾರ ಶಿಫಾರಸೂ ಬೇಡ.

23 ಫೆಬ್ರವರಿ, ಭಾನುವಾರ

ನಾಲ್ಕೂ ತಾಲ್ಲೂಕಿನ ಕಾಲೇಜುಗಳ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ವಿಭಾಗಗಳಿಗೆ ಕಾಗದ ಬರೆದು ಮುಗಿಸಿದೆ. ಒಕ್ಕಣೆ ಇಷ್ಟು:

ಉಪಗ್ರಹ ಕಟ್ಟುವ ಮಾತು ಸದ್ಯಕ್ಕೆ ಬೇಡ. ನಾಲ್ಕು ತಾರಸಿಗೆ ಸೇರಿ ತಿರುಗುವ ಒಳ್ಳೆಯ ಆಂಟೆನಾ ಒಂದು ಸಾಕು, ಯಾರ ಕಟ್ಟಡ ಎತ್ತರವೋ ಅಲ್ಲಿ ನೆಡೋಣ. ಉಳಿದವರು ಇಂಟರ್ನೆಟ್ಟಿನಲ್ಲಿ ಕೇಳಲಿ. ಹನ್ನೆರಡು ತುಂಬಿದ ಯಾರು ಬೇಕಾದರೂ ಹ್ಯಾಮ್ ಪರೀಕ್ಷೆಗೆ ಕೂರಬಹುದು, ಆದ್ದರಿಂದ ಹೈಸ್ಕೂಲು ಮಕ್ಕಳನ್ನೂ ಕರೆತನ್ನಿ. ಬರೀ ಎಂಜಿನಿಯರಿಂಗಿನವರೇ ಬೇಡ, ಬಿ.ಎಸ್ಸಿ., ಡಿಪ್ಲೊಮಾ, ಐಟಿಐ ಹುಡುಗರು ಬರಲಿ, ಬೆಸುಗೆ ಹಾಕಲು ಐಟಿಐನವರ ಕೈಯೇ ಚೆನ್ನ. ಶುಕ್ರವಾರ, 28ರ ವಿಜ್ಞಾನ ದಿನ, ನಮ್ಮಲ್ಲಿ ಮೊದಲ ಸಭೆ. ಭಾಷಣ, ಹಾರ, ತುರಾಯಿ ಇರುವುದಿಲ್ಲ. ಬರುವವರು ಒಂದು ಲ್ಯಾಪ್‌ಟಾಪ್, ಒಂದು ಇಕ್ಕಳ ತನ್ನಿ. ಬೆಳಗಿನ ಉಪಗ್ರಹ ಯಾರಿಗೂ ಕಾಯುವುದಿಲ್ಲ, ಆರೂವರೆಯೊಳಗೆ ಬನ್ನಿ.