ಮಂಗಳೂರಿಗೆ ಅಕ್ಷರ ಕಲಿಸಲು ಹೋಗಿದ್ದೆ

2010ರ ಮೇ ತಿಂಗಳು. ಮಂಗಳೂರಿನ ಒಂದು ಕಾಲೇಜಿನಿಂದ ನನಗೊಂದು ಕರೆ ಬಂತು. ಶಿಕ್ಷಕರು, ಗುಮಾಸ್ತರು ಮತ್ತು ಆಸಕ್ತ ವಿದ್ಯಾರ್ಥಿಗಳಿಗೆ ಮೂರು ದಿನ ಕನ್ನಡ ತಂತ್ರಾಂಶದ ತರಬೇತಿ ಕೊಡಬೇಕಂತೆ. ಕೊಪ್ಪದಲ್ಲಿ ನಾಲ್ಕು ಕಂಪ್ಯೂಟರುಗಳ ಒಂದು ಪುಟ್ಟ ತರಬೇತಿ ಕೇಂದ್ರ ಇಟ್ಟುಕೊಂಡಿದ್ದ ನನಗೆ ಹಿಗ್ಗೋ ಹಿಗ್ಗು. ಬಾಳಗಡಿಯ ಹುಡುಗ ಮಂಗಳೂರಿಗೆ ಪಾಠ ಹೇಳಲು ಹೋಗುತ್ತಾನೆಂದು ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದಳು.

ಕೊಪ್ಪದಿಂದ ಶೃಂಗೇರಿಯವರೆಗೆ ಸಹಕಾರ ಸಾರಿಗೆಯ ಬಸ್ಸು. ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತುಹೋದವು. ಆಗ ಇನ್ನೂ ಓಡುತ್ತಿದ್ದವು. ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಕೆರೆಕಟ್ಟೆ ದಾಟಿ, ಮಾಳದ ಘಾಟಿ ಇಳಿಯುವಷ್ಟರಲ್ಲಿ ಕಿಟಕಿಯ ಗಾಳಿ ಬೆಚ್ಚಗಾಯಿತು. ಕಾರ್ಕಳದಲ್ಲಿ ಅಂಗಿ ಬೆನ್ನಿಗೆ ಅಂಟಿತು. ಮಂಗಳೂರಿನಲ್ಲಿ ಇಳಿದಾಗ ಸ್ನಾನ ಮಾಡಿ ಒರೆಸಿಕೊಳ್ಳದೆ ಬಂದವನ ಹಾಗಿದ್ದೆ. ಮಲೆನಾಡಿನವನಿಗೆ ಬಿಸಿಲು ಗೊತ್ತು, ಆದರೆ ನೆರಳಿನಲ್ಲಿ ಕೂತರೂ ಬೆವರಿಳಿಸುವ ಕಡಲಂಚಿನ ಸೆಕೆ ಗೊತ್ತಿರುವುದಿಲ್ಲ.

ಮರುದಿನ ಬೆಳಿಗ್ಗೆ, ಕುವೆಂಪು ಹುಟ್ಟಿದ ಹಿರೇಕೊಡಿಗೆ ಇರುವ ಕೊಪ್ಪ ತಾಲ್ಲೂಕಿನವರು ಎಂದು ನನ್ನನ್ನು ಪರಿಚಯಿಸಿದರು. ಎದೆ ಉಬ್ಬಿತು. ಅದು ಉಬ್ಬಿದ್ದು ಐದೇ ನಿಮಿಷ. ಪೆನ್ ಡ್ರೈವಿನಲ್ಲಿ ತಂದಿದ್ದ ಟಿಪ್ಪಣಿಯನ್ನು ತೆರೆದರೆ ಪರದೆಯ ತುಂಬ ಇಂಗ್ಲಿಷಿನ ಅಕ್ಷರಗಳೂ ಏನೇನೋ ಚಿಹ್ನೆಗಳೂ ಕಲಸಿಕೊಂಡಿದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಬಳಸಿದ್ದ ಫಾಂಟ್ ಅಲ್ಲಿನ ಕಂಪ್ಯೂಟರುಗಳಲ್ಲಿ ಇರಲಿಲ್ಲ. ಮೊದಲೇ ನೋಡಿಕೊಳ್ಳದ್ದು ನನ್ನ ತಪ್ಪು. ಸಿ.ಡಿ.ಯಿಂದ ಫಾಂಟನ್ನು ಹಾಕಿದೆ, ಕನ್ನಡ ಮೂಡಿತು, ಮಾನ ಉಳಿಯಿತು. ಆಮೇಲೆ ನನ್ನ ಎಂದಿನ ಪಾಠ: ಇದನ್ನು ಒತ್ತಿ, ಅದನ್ನು ಆರಿಸಿ, ಹೀಗೆ ಉಳಿಸಿ. ಬೋರ್ಡಿನ ಮೇಲೆ ಹನ್ನೊಂದು ಹಂತಗಳನ್ನು ಬರೆದೆ. ಎಲ್ಲರೂ ಭಕ್ತಿಯಿಂದ ಬರೆದುಕೊಂಡರು.

ಮಧ್ಯಾಹ್ನ ನಿವೃತ್ತ ಶಿಕ್ಷಕರೊಬ್ಬರು ಹತ್ತಿರ ಬಂದರು. ಎಪ್ಪತ್ತರ ಆಸುಪಾಸು, ಬಿಳಿ ಪಂಚೆ. ಕರಾವಳಿಯ ಆಡುಮಾತಿನ ಪದಗಳನ್ನು ಹನ್ನೆರಡು ವರ್ಷಗಳಿಂದ ಚೀಟಿಗಳಲ್ಲಿ ಕೂಡಿಟ್ಟವರು. ಮೊಮ್ಮಗನ ಕೈಯಲ್ಲಿ ಅವನ್ನೆಲ್ಲ ಟೈಪು ಮಾಡಿಸಿ ಎಕ್ಸೆಲ್‌ನಲ್ಲಿ ಇಟ್ಟಿದ್ದರು.

“ಇದನ್ನೊಂದು ಅಕಾರಾದಿಯಾಗಿ ಜೋಡಿಸಿ ಕೊಡಿ ಮಾರಾಯ್ರೆ. ಗುಂಡಿ ಒತ್ತಿದರೆ ಜೋಡಣೆ ಆಗ್ತದೆ ಅಂತ ನೀವೇ ಹೇಳಿದ್ದಲ್ವಾ?”

ಒತ್ತಿದೆ. ಪದಗಳು ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ಚೆದುರಿದವು. ಆ-ಕಾರದ ಪದಗಳ ನಡುವೆ ಜ-ಕಾರದ ಪದಗಳು ನುಗ್ಗಿದ್ದವು. ಚ ಮತ್ತು ದ ಒಂದರೊಳಗೊಂದು ಬೆರೆತಿದ್ದವು. ಮತ್ತೆ ಒತ್ತಿದೆ. ಹಾಗೆಯೇ ಬಂತು.

“ಇದು ಎಂಥ ಅಕಾರಾದಿ?” ಎಂದರು ಮೇಷ್ಟ್ರು. ಕೋಪವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು. “ಕಂಪ್ಯೂಟರ್ ಬೇರೆಯೇ ವರ್ಣಮಾಲೆ ಕಲಿತದ್ದುಂಟಾ?”

“ಸಾಫ್ಟ್‌ವೇರ್ ತೊಂದರೆ ಸರ್, ನಾಳೆ ನೋಡೋಣ” ಎಂದೆ. ಕಾರಣ ಗೊತ್ತಿಲ್ಲದ ನಮ್ಮಂಥವರು ಎಲ್ಲಕ್ಕೂ ಹೇಳುವ ಮಾತು ಅದು. ಏಳು ವರ್ಷ ಪಾಠ ಹೇಳಿ ಫೀಸು ತೆಗೆದುಕೊಂಡವನಿಗೆ, ಕೀಲಿಮಣೆಯ ಕ ಪರದೆಯ ಕ ಆಗುವ ಮಧ್ಯೆ ಏನಾಗುತ್ತದೆಂದು ಒಂದು ದಿನವೂ ಅನಿಸಿರಲಿಲ್ಲ.

ಆ ರಾತ್ರಿ ಲಾಡ್ಜಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ನಿದ್ದೆ ಬರಲಿಲ್ಲ. ಎರವಲು ತಂದಿದ್ದ ಲ್ಯಾಪ್‌ಟಾಪ್ ತೆರೆದು, ವರ್ಣಮಾಲೆಯನ್ನು ಟೈಪು ಮಾಡಿ, ಫಾಂಟನ್ನು ಇಂಗ್ಲಿಷಿಗೆ ಬದಲಿಸಿದೆ. ಬೆಳಿಗ್ಗೆ ನನ್ನನ್ನು ನಗೆಗೀಡು ಮಾಡಿದ್ದ ಆ ಕಲಸುಮೇಲೋಗರವೇ ಈಗ ಉತ್ತರ ಹೇಳಿತು. ಕಾಗದದ ಮೇಲೆ ಒಂದೊಂದನ್ನೇ ಬರೆದುಕೊಂಡೆ. ಆ ಅಕ್ಷರ ಕೂತಿದ್ದು ಇಂಗ್ಲಿಷಿನ ದೊಡ್ಡ ‘ಡಿ’ಯ ಮನೆಯಲ್ಲಿ, ಜ ಕೂತಿದ್ದು ಚಿಕ್ಕ ‘ಡಿ’ಯ ಮನೆಯಲ್ಲಿ. ಚ-ಕಾರಕ್ಕೆ ದೊಡ್ಡ ‘ಝಡ್’, ದ-ಕಾರಕ್ಕೆ ಚಿಕ್ಕ ‘ಝಡ್’. ಎಕ್ಸೆಲ್ ಪದಗಳನ್ನು ಜೋಡಿಸುವಾಗ ದೊಡ್ಡಕ್ಷರ, ಚಿಕ್ಕಕ್ಷರ ಎಂದು ಭೇದ ಮಾಡುವುದಿಲ್ಲ. ಹಾಗಾಗಿ ಆ ಮತ್ತು ಜ ಒಂದೇ ಪಂಕ್ತಿಯಲ್ಲಿ ಕೂತಿದ್ದವು. ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಕಂಡಿರಲಿಲ್ಲ. ಇಂಗ್ಲಿಷಿನ ಅಕ್ಷರಗಳಿಗೆ ಕನ್ನಡದ ವೇಷ ಕಟ್ಟಿದ್ದೆವು, ಅಷ್ಟೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತಿತ್ತು.

ಎರಡನೆಯ ದಿನ ತರಗತಿಗೆ ಹೋದವನೇ ಬೋರ್ಡಿನ ಹನ್ನೊಂದು ಹಂತಗಳನ್ನು ಒರೆಸಿದೆ. “ನಿನ್ನೆ ಮೇಷ್ಟ್ರು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ತೊಂದರೆ ಅಂದದ್ದು ಸುಳ್ಳು” ಎಂದೆ. ಹೇಳುವಾಗ ಗಂಟಲು ಒಣಗಿತ್ತು. ಆದರೆ ಆಶ್ಚರ್ಯ, ಅದುವರೆಗೆ ಬೀಸಣಿಗೆಯ ಹಾಗೆ ಪುಸ್ತಕ ಬೀಸಿಕೊಳ್ಳುತ್ತಿದ್ದವರೂ ನೆಟ್ಟಗೆ ಕೂತರು.

ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಹಳೆಯ ಪದ್ಧತಿಯಲ್ಲಿ ನಾವು ಇಂಗ್ಲಿಷಿನವರ ಸಂಖ್ಯೆಗಳನ್ನೇ ಎರವಲು ಪಡೆದಿದ್ದೆವು. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಪ್ರತಿ ಲಿಪಿಗೂ ಸ್ವಂತ ಸಂಖ್ಯೆಗಳುಂಟು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅಲ್ಲಿ ಅ 3205, ಆ 3206. ಕ 3221, ಖ 3222, ಗ 3223. ಇವು ಬೇರೆ ಯಾವ ಭಾಷೆಯ ಅಕ್ಷರದ ಮನೆಯೂ ಅಲ್ಲ, ನಮ್ಮವೇ. ಇಷ್ಟು ಬರೆದು ತೋರಿಸಿದೆ.

ಆಗ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ‘ಧರ್ಮ’ ಬರೆಯುವಾಗ ಮ ಬರೆದ ಮೇಲೆ ಅರ್ಕಾವೊತ್ತು ಬರೆಯುತ್ತೇವೆ. ಟೈಪು ಮಾಡುವಾಗ ಮಾತ್ರ ರ ಮೊದಲು ಯಾಕೆ?”

ಎಂಥ ಪ್ರಶ್ನೆ! ಇದಕ್ಕೂ ಉತ್ತರ ಹೇಳಲು ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಯೂನಿಕೋಡ್‌ನಲ್ಲಿ ‘ಧರ್ಮ’ ಎಂದರೆ ನಾಲ್ಕು ಸಂಖ್ಯೆ: ಧ 3239, ರ 3248, ವ್ಯಂಜನದ ಅ-ಕಾರ ಕಳೆಯುವ ಚಿಹ್ನೆ 3277, ಮ 3246. ಬಾಯಲ್ಲಿ ಬರುವ ಕ್ರಮವೇ ಒಳಗಿನ ಕ್ರಮ. ಅರ್ಕಾವೊತ್ತನ್ನು ಮ ಆದಮೇಲೆ ಚಿತ್ರಿಸುವ ಕೆಲಸ ಫಾಂಟಿನದು. ಕೈ ಬರೆಯುವುದು ಕಣ್ಣಿಗೆ, ಕಂಪ್ಯೂಟರ್ ಇಟ್ಟುಕೊಳ್ಳುವುದು ಕಿವಿಗೆ ಕೇಳಿದಂತೆ.

ಮೇಷ್ಟ್ರು ತೊಡೆ ತಟ್ಟಿದರು. “ಅದನ್ನೇ ಅಲ್ವಾ ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರು ಮಾಡಿದ್ದು!” ಎಂದರು. ನನಗೆ ನಾಚಿಕೆಯಾಯಿತು. ಏಳು ವರ್ಷ ನಾನು ಕಲಿಸುತ್ತಿದ್ದ ಕೀಲಿಮಣೆಯ ವಿನ್ಯಾಸ, ಆ ಉಚ್ಚಾರಣೆಯ ಕ್ರಮ, ಮಂಗಳೂರಿನ ಸಮೀಪದ ಕಿನ್ನಿಕಂಬಳದ ಪದ್ಮನಾಭ ರಾಯರದು. ‘ಸೇಡಿಯಾಪು’ ತಂತ್ರಾಂಶ ಮಾಡಿದವರೂ ಅವರೇ. ಇದೇ ಊರಿನಲ್ಲಿ 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. 1894ರ ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ನಾನು ಇಂಥ ಊರಿಗೆ ಅಕ್ಷರ ಕಲಿಸಲು ಬಂದದ್ದು, ಕೊಪ್ಪಕ್ಕೆ ಅಡಿಕೆ ಮಾರಲು ಬಂದ ಹಾಗಿತ್ತು.

ಮೂರನೆಯ ದಿನ ಪರಿವರ್ತಕ ತಂತ್ರಾಂಶವೊಂದರಿಂದ ಮೇಷ್ಟ್ರ ಪಟ್ಟಿಯನ್ನು ಯೂನಿಕೋಡಿಗೆ ತಂದೆವು. ಕೆಲವು ಒತ್ತಕ್ಷರಗಳು ಕೆಟ್ಟವು. ಎಂಟು ಜನ ಸಾಲುಸಾಲಾಗಿ ಕೂತು ತಿದ್ದಿದರು. ಪದಕ್ಕೆ ಅರ್ಥ ಗೊತ್ತಾಗದಿದ್ದರೆ ಮೇಷ್ಟ್ರನ್ನು ಕೇಳಿದರು. ಸಂಜೆ ನಾಲ್ಕಕ್ಕೆ ಮೇಷ್ಟ್ರೇ ಗುಂಡಿ ಒತ್ತಿದರು. ಅ-ಕಾರದ ಹಿಂದೆ ಆ-ಕಾರ, ಕ-ಕಾರದ ಹಿಂದೆ ಖ-ಕಾರ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಪದಗಳು ನಿಂತವು. ಮೇಷ್ಟ್ರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಮೊದಲಿನಿಂದ ಓದತೊಡಗಿದರು. ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಬೊಂಡ ಕುಡಿಸಿದರು. “ನಿಮ್ಮ ಬಾಳಗಡಿಯಲ್ಲಿ ಇದಕ್ಕೆ ಎಂಥ ಹೇಳ್ತೀರಿ?” ಎಳನೀರು ಎಂದೆ. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ಊರಿಗೆ ಬಂದವನು ಕೋರ್ಸಿನ ಕ್ರಮ ಬದಲಿಸಿದೆ. ಮೊದಲ ವಾರ ಕಾಗದ, ಪೆನ್ಸಿಲು. ಅಕ್ಷರ ಸಂಖ್ಯೆಯಾಗುವುದು ಹೇಗೆ, ಕಡತ ಎಂದರೆ ಏನು. ತಂದೆತಾಯಿಯರು ಜಗಳಕ್ಕೇ ಬಂದರು. “ದುಡ್ಡು ತಗೊಂಡು ಕಂಪ್ಯೂಟರನ್ನೇ ಮುಟ್ಟಿಸಲಿಲ್ಲವಂತೆ?” ಆ ಬೇಸಿಗೆಯಲ್ಲಿ ಆರು ಮಕ್ಕಳು ಬಿಟ್ಟುಹೋದರು. ನಾಲ್ಕು ಕಂಪ್ಯೂಟರಿನ ಕೇಂದ್ರಕ್ಕೆ ಆರು ಫೀಸು ಸಣ್ಣ ನಷ್ಟವಲ್ಲ. ಆ ತಂದೆತಾಯಿಯರದೂ ತಪ್ಪಲ್ಲ. ಬೇಗ ಕಲಿತು ಬೇಗ ಕೆಲಸಕ್ಕೆ ಸೇರಲಿ ಎಂಬ ಆಸೆ ಯಾರಿಗಿಲ್ಲ? ಆದರೆ ನಾನು ಹಿಂದೆ ಕಲಿಸಿದ ಗುಂಡಿಗಳೆಲ್ಲ ಮುಂದಿನ ಆವೃತ್ತಿಗಳಲ್ಲಿ ಜಾಗ ಬದಲಿಸಿದವು. 3221 ಮಾತ್ರ ಇವತ್ತಿಗೂ ಕ ಆಗಿಯೇ ಇದೆ, ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ.

ಹಾಗಾಗಿ ಮಗುವನ್ನು ಕಂಪ್ಯೂಟರ್ ತರಗತಿಗೆ ಸೇರಿಸುವಾಗ ಎಷ್ಟು ತಂತ್ರಾಂಶ ಕಲಿಸುತ್ತೀರಿ ಎಂದು ಮಾತ್ರ ಕೇಳಬೇಡಿ. ಮಗು ‘ಯಾಕೆ’ ಎಂದಾಗ ಏನು ಮಾಡುತ್ತೀರಿ ಎಂದೂ ಕೇಳಿ. ‘ಗೊತ್ತಿಲ್ಲ, ನಾಳೆ ತಿಳಿದುಕೊಂಡು ಬರುತ್ತೇನೆ’ ಎನ್ನುವ ಮೇಷ್ಟ್ರು ಸಿಕ್ಕರೆ ಧೈರ್ಯವಾಗಿ ಬಿಟ್ಟುಬನ್ನಿ. ಹಾಗೆಯೇ ಮನೆಯ ಹಿರಿಯರು ಹಳೆಯ ಫಾಂಟಿನಲ್ಲಿ ಬರೆಸಿಟ್ಟ ಕಡತಗಳಿದ್ದರೆ ಈ ರಜೆಯಲ್ಲಿ ಅವನ್ನು ಯೂನಿಕೋಡಿಗೆ ಬದಲಿಸಿ, ತಿದ್ದಿ ಇಡಿ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರಿಂದ ಒಂದು ಲಕೋಟೆ ಬಂತು. ಒಳಗೆ ಪದಪಟ್ಟಿಯ ಒಂದೇ ಹಾಳೆ, ಬ-ಕಾರದ್ದು. ಕೆಂಪು ಶಾಯಿಯಲ್ಲಿ ಒಂದು ಸಾಲಿಗೆ ಗೆರೆ ಎಳೆದಿದ್ದರು: ‘ಬೊಂಡ: ಬಾಳಗಡಿ ಕಡೆ ಎಳನೀರು.’