ನೆಗೆಟಿವ್ ಒರೆಸಿದ ಕಥೆ

ಒರೆಸುವುದು ನಮ್ಮ ಹೆಂಗಸರ ಹುಟ್ಟುಗುಣವೋ ಏನೋ. ಕೈಗೆ ಒಂದು ಬಟ್ಟೆ ಸಿಕ್ಕರೆ ಸಾಕು, ಕಿಟಕಿಯ ಸರಳು, ಡಬ್ಬಿಯ ಮುಚ್ಚಳ, ಟೀವಿಯ ನೆತ್ತಿ, ಮಕ್ಕಳ ಮೂಗು ಎಲ್ಲವನ್ನೂ ಒರೆಸಿಬಿಡುತ್ತೇವೆ. ಬಟ್ಟೆ ಸಿಗದಿದ್ದರೆ ಸೆರಗು ಇದ್ದೇ ಇದೆ. ಈ ಗುಣದಿಂದಲೇ ನನ್ನ ಮನೆ ಫಳಫಳ ಹೊಳೆಯುತ್ತದೆಂದು ಬೀಗುತ್ತಿದ್ದವಳು ನಾನು. ಅದೇ ಗುಣ ನಮ್ಮ ಅಜ್ಜಿಯ ಮುಖವನ್ನು ಅಳಿಸಿಹಾಕಿತು ಎಂದರೆ ನೀವು ನಂಬಬೇಕು.

ಅಪ್ಪಯ್ಯ ಮಲೆನಾಡಿನ ಹಳ್ಳಿಶಾಲೆಯ ಮೇಷ್ಟ್ರು. ಅವರಿಗಿದ್ದ ಒಂದೇ ಶೋಕಿ ಎಂದರೆ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ. ಒಂದು ರೋಲಿಗೆ 12 ಫೋಟೋ. ಅದು ಮುಗಿಯಲು ವರ್ಷವೇ ಹಿಡಿಯುತ್ತಿತ್ತು. ಒಂದು ಹಬ್ಬ, ಒಂದು ಮದುವೆ, ಗೌರಿ ಹಸು ಕರು ಹಾಕಿದ ದಿನ, ಹೀಗೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮನ್ನು ಪೇಟೆಯಿಂದ ತರುತ್ತಿದ್ದರು. 1960ರಲ್ಲಿ ಹುಟ್ಟಿದ ಆ ಸರ್ಕಾರಿ ಕಂಪನಿಯ ಬಾಗಿಲು ಮುಚ್ಚಿದೆ. ‘ಇಂದು’ ಇಂದು ಇಲ್ಲ. ಅಪ್ಪಯ್ಯನೂ ಇಲ್ಲ, ಅಮ್ಮನೂ ಇಲ್ಲ. ಗೋಡೆಯ ಮೇಲಿದ್ದ ಫೋಟೋಗಳನ್ನು ಗೆದ್ದಲು ಮುಗಿಸಿತ್ತು. ಹಳೆಮನೆ ಮಾರುವಾಗ ನನ್ನ ಪಾಲಿಗೆ ಬಂದದ್ದು ನೆಗೆಟಿವ್ ತುಂಬಿದ ಒಂದು ಬಿಸ್ಕತ್ತಿನ ಡಬ್ಬಿ.

ಆಷಾಢದ ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಡಬ್ಬಿ ತೆರೆದೆ. ಮೊದಲು ಸಿಕ್ಕಿದ್ದು ಅಂಗಳದಲ್ಲಿ ಕುಳಿತ ಅಜ್ಜಿ. ಅವಳ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಉಜ್ಜಿದೆ. ಬೂಷ್ಟು ಬಂತು. ಅದರ ಜೊತೆಗೆ ಅಜ್ಜಿಯ ಹಣೆ, ಕಣ್ಣು, ಬಾಯಿ ಎಲ್ಲವೂ ಬಂದವು. ಸೆರಗಿನಲ್ಲಿ ಒಂದಿಷ್ಟು ಕಪ್ಪು ಲೋಳೆ, ಕೈಯಲ್ಲಿ ಬರಿಯ ಪಾರದರ್ಶಕ ಹಾಳೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಡಬ್ಬಿ ಹಿಡಿದು ನಮ್ಮೂರಿನ ಹಳೆಯ ಸ್ಟುಡಿಯೋಗೆ ಹೋದೆ. ಎಪ್ಪತ್ತು ದಾಟಿದ ಯಜಮಾನರು ನನ್ನ ಪ್ರತಾಪ ಕೇಳಿ ತಲೆ ಚಚ್ಚಿಕೊಂಡರು. “ನೀರು ಹಾಕಿದಿರಾ ಅಮ್ಮಾ? ಬೂಷ್ಟು ಹಿಡಿದದ್ದಕ್ಕೆ ನೀರೇ ವೈರಿ” ಎಂದರು. ನೆಗೆಟಿವ್‌ನಲ್ಲಿ ಚಿತ್ರ ಇರುವುದು ಜೆಲಟಿನ್ ಪದರದಲ್ಲಂತೆ. ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ, ತಿಂದ ಜಾಗ ನೀರು ಸೋಕಿದರೆ ಕರಗುತ್ತದೆ. ಜೆಲಟಿನ್ ಮಾಡುವುದು ದನದ ಚರ್ಮ, ಮೂಳೆಗಳಿಂದ ಎಂದೂ ಹೇಳಿದರು. ಡಬ್ಬಿಯನ್ನು ನಾನು ಇಟ್ಟಿದ್ದು ದೇವರ ಕೋಣೆಯ ಕಪಾಟಿನಲ್ಲಿ! ಅತ್ತೆಗೆ ಈವರೆಗೂ ಈ ವಿಷಯ ತಿಳಿಸಿಲ್ಲ.

ಅವರ ಕೈಕೆಳಗೆ ವಾರಗಟ್ಟಲೆ ಕಲಿತೆ. ಮೊದಲ ಪಾಠ, ಫ್ಯಾನು ಬಂದ್. ಕೈ ತೊಳೆದು ಚೆನ್ನಾಗಿ ಒಣಗಿಸಿ ಹತ್ತಿಯ ಕೈಚೀಲ ಹಾಕಬೇಕು. ನೆಗೆಟಿವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಹೊಳೆಯುವ ಬದಿ ಹಾಳೆಯದು, ಮಂಕಾದ ಬದಿ ಚಿತ್ರದ್ದು, ಹೆಚ್ಚು ಜೋಪಾನ ಅದಕ್ಕೆ. ಕೆಲಸಕ್ಕೆ ಮುಂಚೆ ಇದ್ದ ಹಾಗೆಯೇ ಒಂದು ಸ್ಕ್ಯಾನ್ ತೆಗೆದಿಟ್ಟುಕೊಳ್ಳಬೇಕು, ಕೈತಪ್ಪಿದರೆ ಅಷ್ಟಾದರೂ ಉಳಿಯುತ್ತದೆ. ಧೂಳಿಗೆ ರಬ್ಬರ್ ಬುರುಡೆಯ ಬ್ಲೋಯರಿನಿಂದ ಗಾಳಿ ಹಾಕಬೇಕು. ಬಾಯಿಂದ ಊದಿದರೆ ಎಂಜಲು ಹನಿ ಬೀಳುತ್ತದೆ. ಗಾಳಿಗೆ ಹೋಗದ್ದನ್ನು ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ಸವರಬೇಕು. ಬೆರಳಿನ ಜಿಡ್ಡಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ಎಳೆ ಬಿಡದ ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಹಾಕಿ, ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಸವರಬೇಕು. ಗಾಯಕ್ಕೆ ಹಚ್ಚುವ ಸ್ಪಿರಿಟ್ ಬೇಡ, ಅದರಲ್ಲಿ ನೀರಿನ ಅಂಶ ಇರುತ್ತದೆ. ಆಲ್ಕೋಹಾಲಿಗೆ ಬೆಂಕಿ ಬೇಗ ಹತ್ತುವುದರಿಂದ ಕಿಟಕಿ ತೆರೆದಿರಬೇಕು, ಹತ್ತಿರ ಒಲೆ, ದೀಪ ಇರಬಾರದು. ವಿನೆಗರ್ ವಾಸನೆ ಬಂದ ಫಿಲ್ಮು ಕೊಳೆಯಲು ಶುರುವಾಗಿದೆ ಎಂದೇ ಅರ್ಥ. ಅದನ್ನು ಉಳಿದವುಗಳ ಜೊತೆ ಇಡಬಾರದು.

ಕೊನೆಗೆ ಅಮ್ಮನ ಸರದಿ ಬಂತು. ಮನೆಗೆಲ್ಲ ಫೋಟೋ ತೆಗೆಯುವಾಗ ಅಮ್ಮ ಅಡುಗೆಮನೆಯಲ್ಲೇ ಇರುತ್ತಿದ್ದಳು. ಇಡೀ ಡಬ್ಬಿಯಲ್ಲಿ ಅವಳಿದ್ದದ್ದು ಎರಡೇ ಚಿತ್ರ, ತುಳಸಿಕಟ್ಟೆಯ ಬಳಿ ಒಂದರ ಹಿಂದೊಂದು ತೆಗೆದವು. ಕಂಕುಳಲ್ಲಿ ಎರಡು ವರ್ಷದ ನಾನು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು, ಅಮ್ಮನ ಕಪ್ಪು ಕೂದಲು ಬೆಳ್ಳಗೆ. ಬೆಳಕಿಗೆ ಹಿಡಿದರೆ ಮೂಗಿನ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಗಾಳಿ ಹಾಕಿದೆ, ಹೋಗಲಿಲ್ಲ. ಕುಂಚ ಆಡಿಸಿದೆ, ಅಲುಗಲಿಲ್ಲ. ಆಲ್ಕೋಹಾಲ್ ಬಾಟಲಿಗೆ ಕೈ ಹಾಕಿದಾಗ ಯಜಮಾನರು ತಡೆದರು. ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದರು.

“ಎರಡರಲ್ಲೂ ಅದೇ ಜಾಗದಲ್ಲಿದೆಯಲ್ಲಮ್ಮಾ. ಧೂಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಬಿಸಿಲಿಗೆ ಹೊಳೆದದ್ದು ಇಲ್ಲಿ ಕಪ್ಪಾಗುತ್ತದೆ. ಇದು ಮೂಗುಬೊಟ್ಟು.”

ನಾನು ಕಂಡ ಅಮ್ಮನ ಮೂಗಿನಲ್ಲಿ ಎಂದೂ ಬೇವಿನ ಕಡ್ಡಿಯೇ. ಕೇಳಿದರೆ, “ನನಗೆ ಬಂಗಾರ ಆಗಿಬರುವುದಿಲ್ಲ ಮಗಾ, ಹುಣ್ಣಾಗುತ್ತದೆ” ಎನ್ನುತ್ತಿದ್ದಳು. ಅಂದು ಸಂಜೆಯೇ ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ತವರಿನದು, ವಜ್ರದ್ದು. ನಿನಗೆ ಮೂರು ತುಂಬುವ ಮೊದಲು ವಿಷಮಶೀತ ಜ್ವರ ಬಂದಿತ್ತಲ್ಲ, ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಅದನ್ನೇ ಮಾರಿದ್ದು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು” ಎಂದಳು.

ಆಲ್ಕೋಹಾಲ್ ಹಾಕಿದ್ದರೂ ಆ ಚುಕ್ಕೆ ಹೋಗುತ್ತಿರಲಿಲ್ಲ ಎಂದು ಯಜಮಾನರು ಸಮಾಧಾನ ಹೇಳಿದರು. ಆದರೆ ನನ್ನ ಕೈ ನನಗೆ ಗೊತ್ತಿಲ್ಲವೇ? ಹೋಗುವವರೆಗೂ ಉಜ್ಜುತ್ತಿದ್ದೆ.

ಈಗ ನೆಗೆಟಿವ್‌ಗಳೆಲ್ಲ ಒಂದೊಂದು ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬಚ್ಚಲಿನಿಂದ ದೂರದ ಕಪಾಟಿನಲ್ಲಿವೆ. ಅಮ್ಮನ ಚಿತ್ರವನ್ನು ದೊಡ್ಡದು ಮಾಡಿಸಲು ಮಗನಿಗೆ ಕೊಟ್ಟೆ. ಕಂಪ್ಯೂಟರಿನ ಮುಂದೆ ಕುಳಿತವನು ಕೂಗಿದ: “ಅಮ್ಮಾ, ಅಜ್ಜಿಯ ಮೂಗಿನ ಮೇಲೆ ಒಂದು ಬಿಳಿ ಚುಕ್ಕೆ ಉಳಿದಿದೆ. ತೆಗೆದುಬಿಡಲಾ?”

“ಬೇಡ ಮಾರಾಯ” ಎಂದೆ. “ಅದನ್ನು ಒಂದು ಸಲ ತೆಗೆದದ್ದೇ ಸಾಕು.”