ಗೀಗೋ

ಟೋಕಿಯೊದಿಂದ ಬಂದ ಅಕ್ಕನ ಮಗ ಅಮ್ಮನ ಮಡಿಲಿಗೆ ಒಂದು ಗೊಂಬೆ ಹಾಕಿದ. ಬೆಕ್ಕೋ ಕರಡಿಯೋ ಗೊತ್ತಾಗದ, ಮಂಗಳೂರು ಸೌತೆಯ ಗಾತ್ರದ ಮೆತ್ತನೆಯ ಪ್ರಾಣಿ. ಕೊಂಡದ್ದಲ್ಲವಂತೆ, ಆಡಿ ಗೆದ್ದದ್ದು. ಗಾಜಿನ ಪೆಟ್ಟಿಗೆಯೊಳಗೆ ಕೊಕ್ಕೆ ಇಳಿದು, ಗೊಂಬೆಯನ್ನು ಹಿಡಿದಂತೆ ಮಾಡಿ ಬಿಟ್ಟುಬಿಡುತ್ತದಲ್ಲ, ಆ ಆಟ.

"ಒಂದು ಸಲಕ್ಕೆ ಎಷ್ಟೋ?"

"100 ಯೆನ್ ಅಜ್ಜಿ. ನಮ್ಮ 60 ರೂಪಾಯಿ ಅಂದ್ಕೊ."

"ಎಷ್ಟು ಸಲ ಆಡಿದೆ?"

ಅವನಿಗೆ ಆಗಲೇ ಫೋನ್ ನೋಡುವ ತುರ್ತು ಬಂತು.

ನನ್ನ ಕಣ್ಣು ಗೊಂಬೆಯ ಮೇಲಿರಲಿಲ್ಲ, ಅದು ಬಂದ ಕವರಿನ ಮೇಲಿತ್ತು. ದಪ್ಪ ಪ್ಲಾಸ್ಟಿಕ್ಕು, ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ: ಜಿ, ಐ, ಜಿ, ಓ. ಅಲ್ಲಿಯವರು ಗೀಗೋ ಅನ್ನುತ್ತಾರಂತೆ. ನಮ್ಮ ಸಾರ್ ಗೈಗೋ ಅನ್ನುತ್ತಿದ್ದರು.

1994ರಲ್ಲಿ ಹನುಮಂತನಗರದ ಹಿಟ್ಟಿನ ಗಿರಣಿಯೊಂದರ ಮಹಡಿಯ ಮೇಲೆ ನಾನು ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆ. ಮೂರು ಕಂಪ್ಯೂಟರ್, ಹದಿನೈದು ಹುಡುಗರು. ಧೂಳಾಗುತ್ತದೆಂದು ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ಕೆಳಗಿನಿಂದ ಹಿಟ್ಟು ಮಾತ್ರ ಧಾರಾಳವಾಗಿ ಏರಿ ಬಂದು ಕೀಬೋರ್ಡಿನ ಸಂದಿಗಳಲ್ಲಿ ಕೂರುತ್ತಿತ್ತು. ಮೆಣಸಿನಕಾಯಿ ಬೀಸುವ ದಿನ ತರಗತಿಗೆ ತರಗತಿಯೇ ಸೀನುತ್ತಿತ್ತು. ಅಂಥದೊಂದು ದಿನ ಸಾರ್ ಬೋರ್ಡಿನ ಮೇಲೆ ಇದೇ ನಾಲ್ಕು ಅಕ್ಷರ ಬರೆದರು. ಗಾರ್ಬೇಜ್ ಇನ್, ಗಾರ್ಬೇಜ್ ಔಟ್. ನಮ್ಮ ಮುಖ ನೋಡಿ ಕಾಲಿನಿಂದ ನೆಲ ಕುಟ್ಟಿ ಕೇಳಿದರು: "ಕೆಳಗೆ ಕಲ್ಲಿರೋ ರಾಗಿ ಹಾಕಿದ್ರೆ ಏನ್ರೋ ಬರುತ್ತೆ?" "ಕಲ್ಲಿರೋ ಹಿಟ್ಟು ಸಾರ್!" ಆ ಕೋರ್ಸಿನಲ್ಲಿ ನನ್ನ ತಲೆಗೆ ಹತ್ತಿದ್ದು ಅದೊಂದೇ.

ಉಳಿದದ್ದು ಹತ್ತದಿರಲು ಕಾರಣ ಶ್ರೀನಗರ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿತ್ತು. ಬೋರ್ಡಿಲ್ಲದ ಅಂಗಡಿ, ಬಾಗಿಲಿಗೆ ಕಂದು ಪರದೆ. ಒಳಗೆ ಕತ್ತಲು, ಬೆವರು, ಐದು ವಿಡಿಯೋ ಗೇಮ್. ರೂಪಾಯಿ ಕೊಟ್ಟರೆ ಒಂದು ಕಾಯಿನ್. ಬಿಲ್ಲೆ ಅದೆಷ್ಟು ಸವೆದಿತ್ತೆಂದರೆ ಮೇಲಿದ್ದದ್ದು ಹುಲಿಯೋ ಹೂವೋ ಹೇಳುವಂತಿರಲಿಲ್ಲ. ನಮ್ಮ ಆಟ ಮುಸ್ತಫಾ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಅದಕ್ಕಿಟ್ಟ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್'. ಆಟ ಶುರುವಾಗುವಾಗ ಪರದೆ ತುಂಬ ಅದೇ ಹೆಸರು ಬರುತ್ತಿತ್ತು. ಓದಲು ಬರುತ್ತಿದ್ದವರೂ ಓದಲಿಲ್ಲ. ಆಡಲು ಸಿಗುವ ನಾಲ್ವರಲ್ಲಿ ಒಬ್ಬ ಮುಸ್ತಫಾ, ಓಡಿ ಬಂದು ಒದೆಯುವುದರಲ್ಲಿ ಗಟ್ಟಿಗ. ಅವನಿಗಾಗಿ ಜಗಳವೇ ಆಗುತ್ತಿತ್ತು. ಅವನ ಹೆಸರೇ ಆಟಕ್ಕೂ ಬಂತು. ಮುಂದೆ ಹುಬ್ಬಳ್ಳಿಯವನೊಬ್ಬ, ಆಮೇಲೆ ಲಖನೌದವನೊಬ್ಬ ಆಫೀಸಿನಲ್ಲಿ ಸಿಕ್ಕಾಗ ಇಬ್ಬರೂ ಮುಸ್ತಫಾ ಎಂದೇ ಅಂದರು. ಜಾಹೀರಾತಿಲ್ಲದೆ ಇಡೀ ದೇಶ ಹೆಸರು ಬದಲಿಸಿದ ಸರಕು ಇನ್ನೊಂದು ಇದ್ದರೆ ಹೇಳಿ. ಕೋರಮಂಗಲದ ಫೋರಂ ಮಾಲ್ ನೆಕ್ಸಸ್ ಆಗಿ ವರ್ಷಗಳಾದರೂ ನಮ್ಮ ಆಟೊದವರು ಅದನ್ನು ಒಪ್ಪಿಲ್ಲ, ಅದು ಬೇರೆ ಮಾತು.

ಗೀಗೋ ಕಥೆ ತಿರುವುಮುರುವು. ಆ ಆಟದಂಗಡಿಗಳು ಮೊದಲು ಸೇಗಾ ಕಂಪನಿಯವಾಗಿದ್ದವು. ಆ ಹೆಸರಾದರೂ ಜಪಾನಿನದೇ? ಹವಾಯಿಯಲ್ಲಿದ್ದ ಅಮೆರಿಕನ್ನರು ಸೈನಿಕ ನೆಲೆಗಳಿಗೆ ಜೂಜಿನ ಯಂತ್ರ ಒದಗಿಸಲು ಕಟ್ಟಿದ 'ಸರ್ವಿಸ್ ಗೇಮ್ಸ್'ನ ಮೊದಲ ಎರಡೆರಡು ಅಕ್ಷರ. ಅಕ್ಕನ ಮಗನ ಜೇಬು ಕತ್ತರಿಸಿದ ಕೊಕ್ಕೆಯನ್ನು 'ಯುಎಫ್‌ಓ ಕ್ಯಾಚರ್' ಎಂದು 1985ರಲ್ಲಿ ತಂದವರೂ ಅವರೇ. ಕೊರೊನಾದಲ್ಲಿ ಅಂಗಡಿಗಳು ಬಿಕೋ ಎಂದಾಗ, 2020ರ ಡಿಸೆಂಬರಿನಲ್ಲಿ ಹೆಚ್ಚಿನ ಪಾಲನ್ನು ಗೆಂಡಾ ಎಂಬ ಕಂಪನಿಗೆ ಮಾರಿದರು. 2022ರ ಜನವರಿಯಲ್ಲಿ ಉಳಿದದ್ದನ್ನೂ. ಊರೂರಲ್ಲಿ ಸೇಗಾ ಬೋರ್ಡು ಇಳಿದು ಗೀಗೋ ಬೋರ್ಡು ಏರಿತು. ಹೆಸರು ಹೊಸದಲ್ಲ, ಸೇಗಾದ್ದೇ ದೊಡ್ಡ ಮಳಿಗೆಗಳಿಗೆ ತೊಂಬತ್ತರ ದಶಕದಿಂದ ಇತ್ತು. ಇಕೆಬುಕುರೊದ ಗೀಗೋ 2021ರ ಸೆಪ್ಟೆಂಬರ್ 20ರಂದು ಮುಚ್ಚಿತ್ತು. 2023ರಲ್ಲಿ ಅದೇ ಬಡಾವಣೆಯಲ್ಲಿ ಪ್ರಧಾನ ಮಳಿಗೆ ತೆರೆದದ್ದೂ ಸೆಪ್ಟೆಂಬರ್ 20ಕ್ಕೇ. ತಿಥಿಯ ದಿನವೇ ನಾಮಕರಣ.

ಆಟದ ಓಯಸಿಸ್ಸಿಗೆ ಬನ್ನಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಂತೆ ಆ ನಾಲ್ಕು. ಹೆಸರು ಆರಿಸಿದ ಮೀಟಿಂಗಿನಲ್ಲಿ ಗಿರಣಿಯ ಮಹಡಿಯ ಮೇಲೆ ಕಲಿತವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಹೊರಟೆ. "ಮಾಮ, ಗೊಂಬೆ ಚೆನ್ನಾಗಿದೆಯಾ ಇಲ್ವಾ?" ಎಂದ.

ಗೊಂಬೆ ಈಗ ಟಿವಿಯ ಪಕ್ಕದಲ್ಲಿದೆ, ಅಮ್ಮ ಅದನ್ನು ಗುಂಡಣ್ಣ ಅನ್ನುತ್ತಾಳೆ. ಕವರನ್ನು ಅವತ್ತೇ ಮಡಿಸಿ ಹಾಸಿಗೆಯ ಕೆಳಗಿಟ್ಟಿದ್ದಳು. ಮೊನ್ನೆ ಶನಿವಾರ ಅದರ ತುಂಬ ರಾಗಿ ಹಾಕಿ ನನ್ನ ಕೈಗಿತ್ತಳು.

"ಕೇರಿ, ಕಲ್ಲೆಲ್ಲ ಆರಿಸಿದ್ದೀನಿ. ನುಣ್ಣಗೆ ಬೀಸೋಕೆ ಹೇಳು."